ಶೆಡ್ಡಿನಲ್ಲಿ ಕಲಿತ ಡ್ರೈವಿಂಗ್

ಏರಿನ ನಡುವೆ ಕಾರು ಗಕ್ಕನೆ ನಿಂತು, ಒಮ್ಮೆ ಕುಲುಕಿ, ಆರಿಹೋಯಿತು. ಪರೀಕ್ಷೆಯ ಮೈದಾನದ ತಂತಿ ಬೇಲಿಗೆ ಮೂಗು ಒತ್ತಿ ನಿಂತಿದ್ದ ಮಾವ ಎರಡೂ ಕೈಯಲ್ಲಿ ತಂತಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಕಾರಿನೊಳಗೆ ಸ್ಟೀರಿಂಗ್ ಹಿಡಿದು ಕೂತಿದ್ದವಳು ಸೊಸೆ. ಪಕ್ಕದಲ್ಲಿ ಲೈಸೆನ್ಸ್ ಕೊಡುವ ಇನ್‌ಸ್ಪೆಕ್ಟರ್.

“ನಾನು ಅವತ್ತೇ ಬಡ್ಕೊಂಡೆ,” ಎಂದರು ಜೊತೆಗಿದ್ದ ಅತ್ತೆ. “ಪೆಟ್ರೋಲ್ ಉಳಿಸೋಕೆ ಹೋಗಿ ಹುಡುಗಿ ಕೆಲಸಕ್ಕೇ ಕಲ್ಲು ಹಾಕಿದ್ರಿ.”

ತಾನೇ ಕಾರು ಓಡಿಸಿಕೊಂಡು ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸವನ್ನು ಸೊಸೆಗೆ ಖಾಯಂ ಮಾಡುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ನಾಳೆಯೊಳಗೆ ಲೈಸೆನ್ಸ್ ತೋರಿಸಬೇಕು. ಇಲ್ಲದಿದ್ದರೆ ಆ ಕೆಲಸ ಬೇರೆಯವರ ಪಾಲು. ಡ್ರೈವಿಂಗ್ ಸ್ಕೂಲಿಗೆ ಸೇರುತ್ತೇನೆ ಎಂದವಳನ್ನು “ಬಸ್ ಓಡಿಸಿ ಓಡಿಸಿ ತಲೆ ನರೆತಿದೆ, ನಾನಿಲ್ವಾ ಕಲಿಸೋಕೆ?” ಎಂದು ತಡೆದದ್ದು ಮಾವನೇ.

ಬಸ್ ಓಡಿಸಿದ್ದು ನಿಜ. ಡಿಪೋದಲ್ಲಿ ಡೀಸೆಲ್ ಉಳಿಸಿದ್ದಕ್ಕೆ ವರ್ಷ ವರ್ಷವೂ ಹಾರ ಹಾಕಿಸಿಕೊಂಡದ್ದೂ ನಿಜ. ಕೊರಳಿಗೆ ಹಾಕಿದ ಹಾರ ಸೀದಾ ತಲೆಗೇರಿತ್ತು. ನಿವೃತ್ತಿಯಾದ ಮೇಲೆ ಕೊಂಡ ಹಳೇ ಕಾರಿಗೆ ಪೆಟ್ರೋಲ್ ಹಾಕಿಸುವಾಗ ಅವರ ಮುಖ ನೋಡಿದರೆ, ಪಂಪಿನವನು ಅವರದೇ ರಕ್ತ ತೆಗೆಯುತ್ತಿದ್ದಾನೆ ಅನ್ನಿಸಬೇಕು. ಹಾಗಾಗಿ ಪಾಠವೆಲ್ಲ ಶೆಡ್ಡಿನಲ್ಲೇ, ಇಂಜಿನ್ ಆರಿಸಿಯೇ. ಕ್ಲಚ್ಚು, ಗೇರು ಸೊಸೆಯ ಪಾಲಿಗೆ. ಇಂಜಿನ್ನಿನ ಕೆಲಸ ಮಾವನ ಬಾಯಿಗೆ. “ಗುರ್ರ್… ಗುರ್ರ್ರ್… ಈಗ ಸೆಕೆಂಡಿಗೆ ಹಾಕು!” ಮಗನೂ ಹಿಂದೆ ಇದೇ ಪಾಠಕ್ಕೆ ಕೂತು, ನಾಲ್ಕೇ ದಿನಕ್ಕೆ ಸೈಕಲ್ಲೇ ಸಾಕಪ್ಪಾ ಎಂದು ಕೈಮುಗಿದಿದ್ದ. ಸೊಸೆ ಮಾತ್ರ ನಗುನಗುತ್ತಲೇ ಕಲಿತಳು. ಭಾನುವಾರ ಬೆಳಿಗ್ಗೆ ಒಂದಿಷ್ಟು ಹೊತ್ತು ನಿಜವಾದ ರಸ್ತೆಗೂ ಇಳಿಯುತ್ತಿದ್ದರು, ಅದೂ ಸಪಾಟು ರಸ್ತೆಗೆ. ಏರು ಹತ್ತಿದರೆ ಕಾರು ಪೆಟ್ರೋಲ್ ಜಾಸ್ತಿ ಕುಡಿಯುತ್ತದಲ್ಲ! ಏರಿನ ಪಾಠವೂ ಹೀಗೆ ಬಾಯಲ್ಲೇ ಮುಗಿದಿತ್ತು: ಕ್ಲಚ್ ಬಿಡ್ತಾ ಬಾ, ಸದ್ದು ಭಾರ ಆಯ್ತೋ, ಹ್ಯಾಂಡ್ ಬ್ರೇಕ್ ಇಳಿಸು.

ಇನ್‌ಸ್ಪೆಕ್ಟರ್ ಒಂದು ಬೆರಳು ಎತ್ತಿದ್ದು ಬೇಲಿಯವರೆಗೂ ಕಂಡಿತು. ಇನ್ನೊಂದೇ ಅವಕಾಶ.

“ನಿಧಾನ… ನಿಧಾನವಾಗಿ ಬಿಡು ತಾಯಿ,” ಎಂದು ಮಾವ ಗೊಣಗಿದರು. ಆಮೇಲೆ ತಡೆಯಲಾರದೆ ಶುರು ಮಾಡಿಯೇಬಿಟ್ಟರು: “ಗುರ್ರ್… ಗುರ್ರ್ರ್…”

“ರೀ, ಸುಮ್ನಿರಿ, ಜನ ನೋಡ್ತಿದಾರೆ. ನೀವಿಲ್ಲಿ ಗುರ್ ಅಂದ್ರೆ ಅಲ್ಲಿ ಕಾರು ಹತ್ತುತ್ತಾ?”

ಮಾವನ ಬಾಯಿ ತಟ್ಟನೆ ನಿಂತಿತು. ಅತ್ತೆಯ ಮಾತಿಗೆ ಹೆದರಿ ಅಲ್ಲ. ಗಾಜಿನಾಚೆ ಸೊಸೆಯ ತುಟಿಗಳೂ ಮುಂದೆ ಚಾಚಿ ಅದುರುತ್ತಿದ್ದವು. ಇನ್‌ಸ್ಪೆಕ್ಟರ್ ಗಾಬರಿಯಿಂದ ಒಮ್ಮೆ ಕಾಲಬುಡ, ಒಮ್ಮೆ ಬಾನೆಟ್ಟು ನೋಡುತ್ತಿದ್ದ. ಅವಳಿಗೆ ಅವನ ಪರಿವೆಯೇ ಇರಲಿಲ್ಲ. ತುಟಿಗಳ ಅದುರಾಟ ನಿಧಾನವಾಯಿತು, ಕೆನ್ನೆ ಉಬ್ಬಿತು, ಕೈ ಸರಕ್ಕನೆ ಹ್ಯಾಂಡ್ ಬ್ರೇಕ್ ಇಳಿಸಿತು. ಕಾರು ಕೂದಲೆಳೆಯಷ್ಟೂ ಹಿಂದೆ ಜಾರದೆ ಏರು ಹತ್ತಿ ಆಚೆ ಇಳಿಯಿತು.

ಮಾವ ಅಲ್ಲೇ ಬೇಲಿಯ ಬುಡದಲ್ಲಿ ಕೂತುಬಿಟ್ಟರು. ಕಣ್ಣಲ್ಲಿ ನೀರು ತುಂಬಿ, ಎದುರಿನ ಮೈದಾನವೆಲ್ಲ ಕಲಸಿಹೋಯಿತು.

“ಏನಮ್ಮಾ, ನಿಮ್ಮ ಕಾರಿಗೆ ಎರಡೆರಡು ಇಂಜಿನ್ನಾ?” ಎಂದು ನಗುತ್ತಲೇ ಇನ್‌ಸ್ಪೆಕ್ಟರ್ ಸಹಿ ಹಾಕಿದ. ಸೊಸೆ ಓಡೋಡಿ ಬಂದಳು.

“ಮಾವ, ಪಾಸಾದೆ!”

“ನನ್ನ ಜಿಪುಣತನಕ್ಕೆ ನೀನು ಬಲಿಯಾದೆ ಅಂದ್ಕೊಂಡಿದ್ದೆ ಕಣಮ್ಮಾ.”

“ಮೊದಲನೇ ಸಲ ಕಾರಿನ ಸದ್ದು ಕೇಳಿಸ್ಕೊಂಡು ಕ್ಲಚ್ ಬಿಟ್ಟೆ, ನಿಂತೋಯ್ತು. ಅದರ ಸದ್ದು ನನಗೆಲ್ಲಿ ಸರಿಯಾಗಿ ಗೊತ್ತು? ನನಗೆ ಗೊತ್ತಿರೋದು ನಿಮ್ಮದೇ,” ಎಂದು ಅವಳು ನಕ್ಕಳು. ಅತ್ತೆಯೂ ನಕ್ಕರು. ಮಾವನೂ ನಕ್ಕರು, ಆದರೆ ಆ ಮಾತು ಅವರ ಮನಸ್ಸಿನಲ್ಲಿ ಎಲ್ಲೋ ಚುಚ್ಚಿಕೊಂಡಿತು.

ಮನೆಯವರೆಗೂ ಅವಳೇ ಓಡಿಸಿದಳು. ಗೇಟಿನ ಮುಂದೆ ನಿಂತಾಗ ಅತ್ತೆ ಗೇಟು ತೆಗೆಯಲು ಇಳಿದು ಹೋದರು. ಸೊಸೆ ಅಭ್ಯಾಸದಂತೆ ಕೀಲಿಗೆ ಕೈಹಾಕಿದಳು.

“ಆರಿಸ್ಬೇಡ, ಇರಮ್ಮ,” ಎಂದರು ಮಾವ.

“ಯಾಕೆ ಮಾವ, ಇನ್ನೆಲ್ಲಿಗಾದ್ರೂ ಹೋಗ್ಬೇಕಾ?”

“ಎಲ್ಲಿಗೂ ಇಲ್ಲ. ಇದರ ಸದ್ದು ಕೇಳ್ಕೋ.”

ಅವಳು ಅವರ ಮುಖ ನೋಡಿ, ಮೆಲ್ಲಗೆ ಕೈ ಹಿಂದೆ ತೆಗೆದುಕೊಂಡಳು. ಗೇಟಿನ ಮುಂದೆ, ಒಂದಿಂಚೂ ಕದಲದೆ, ಪೆಟ್ರೋಲ್ ಸುಡುತ್ತಾ ಕಾರು ನಿಂತೇ ಇತ್ತು.