ಹಳದಿಗೆ ತಿರುಗಿದ ಅಂಚು

ಸೊಸೆ ಬಚ್ಚಲಿನ ಚಿಲಕ ಹಾಕಿಕೊಂಡ ಸದ್ದು ಕೇಳಿದ ಮೇಲೆಯೇ ಅತ್ತೆ ಅವಳ ಕೋಣೆಗೆ ಕಾಲಿಟ್ಟಳು. ಕನ್ನಡಿಯ ಮುಂದೆ ಕೈಗಡಿಯಾರವಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಪಟ್ಟಿ ಸೇರುವ ಅಂಚಿನಲ್ಲಿ ಹಳದಿ. ಉಗುರಿನಿಂದ ಕೆರೆದಳು. ಹೋಗಲಿಲ್ಲ. ಸಾಲದ್ದಕ್ಕೆ ಕಲ್ಲಿನಂಥ ಭಾರ. ನಕಲಿ ಮಾಡಿದವನು ಒಳಗೆ ಸೀಸ ತುಂಬಿರಬೇಕು.

ಮಗನ ಮದುವೆಗೆಂದು ಅವಳೇ ಆರಿಸಿ ಸೊಸೆಗೆ ಕೊಟ್ಟ ಬಿಳಿ ಚಿನ್ನದ ಗಡಿಯಾರ ಅದು. ಅಂಗಡಿಯವರು ಥಳಥಳಿಸುವ ಹಳದಿ ಚಿನ್ನದ್ದನ್ನೇ ಮತ್ತೆ ಮತ್ತೆ ಮುಂದಿಟ್ಟರೂ ಒಪ್ಪಿರಲಿಲ್ಲ. ಹೊಸದಾಗಿ ಮದುವೆಯಾದಾಗ ಗಂಡ ಅವಳಿಗೂ ಅಂಥದ್ದನ್ನೇ ಕೊಡಿಸಿ ಹೇಳಿದ್ದ: "ನೋಡಿದವರಿಗೆ ಇದು ಚಿನ್ನ ಅಂತ ಗೊತ್ತಾಗಬಾರದು ಕಣೇ. ಕಟ್ಕೊಂಡವಳಿಗೆ ಮಾತ್ರ ಗೊತ್ತಿರಬೇಕು."

ತನ್ನ ಮುಂಗೈ ನೋಡಿಕೊಂಡಳು. ಅಷ್ಟು ಹಳೆಯದು ಇಂದಿಗೂ ಹಾಲಿನಂತೆ ಬೆಳ್ಳಗಿತ್ತು. ಇರದೆ ಏನು? ಪಾತ್ರೆ ತೊಳೆಯುವಾಗ ಬಿಚ್ಚಿಡುತ್ತಿದ್ದಳು, ಸೆಂಟಿನ ಹನಿ ತಾಗಿಸುತ್ತಿರಲಿಲ್ಲ, ಮೆತ್ತನೆಯ ಬಟ್ಟೆಯಲ್ಲೇ ಒರೆಸುತ್ತಿದ್ದಳು. ಕೂಸನ್ನು ಸಾಕಿದ ಹಾಗೆ. ಅದು ಅವಳ ಕೈಬಿಟ್ಟು ಹೋದದ್ದು ಒಂದೇ ಸಲ. ಮಗ ಪುಟ್ಟವನಿದ್ದಾಗ, ಅವನ ಹೃದಯದ ಆಪರೇಷನ್ನಿಗೆಂದು ಅವಳು ಆಸ್ಪತ್ರೆಯಲ್ಲಿ ಕೂತಿದ್ದಾಗ ಗಂಡನೇ ಅದನ್ನು ಸರ್ವಿಸಿಗೆ ಕೊಟ್ಟು ತಂದಿದ್ದ.

"ಏನಾದ್ರೂ ಬೇಕಿತ್ತಾ ಅತ್ತೆ?" ಬಾಗಿಲಲ್ಲಿ ಸೊಸೆ, ಒದ್ದೆ ಕೂದಲು.

"ಇದ್ಯಾಕಮ್ಮ ಹೀಗೆ ಬಣ್ಣ ತಿರುಗಿದೆ?"

ಸೊಸೆಯ ಮುಖ ಬಿಳುಚಿತು. "ನಾನೂ ಒರೆಸಿ ಒರೆಸಿ ಸಾಕಾದೆ. ನೀವು ಬೈತೀರ ಅಂತ ಹೇಳ್ಲಿಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳಲ್ಲ ಎಂದುಕೊಂಡಳು ಅತ್ತೆ. "ಪಾಲಿಶ್ ಮಾಡಿಸಿ ತರ್ತೀನಿ ಬಿಡು" ಎಂದು ಗಡಿಯಾರವನ್ನು ಚೀಲಕ್ಕೆ ಹಾಕಿಕೊಂಡಳು.

ಹಜಾರದಲ್ಲಿ ಗಂಡ ಪೇಪರು ಓದುತ್ತಿದ್ದ.

"ನಿಮ್ಮ ಮುದ್ದಿನ ಸೊಸೆ ಅಸಲಿ ಮಾರಿ ನಕಲಿ ಕಟ್ಕೊಂಡಿದಾಳೆ ರೀ. ಅವಳ ತಮ್ಮ ಇದ್ದಕ್ಕಿದ್ದ ಹಾಗೆ ಅಂಗಡಿ ಹೇಗೆ ತೆರೆದ ಅನ್ಕೊಂಡ್ರಿ? ಸಂಜೆ ಮಗ ಬರ್ಲಿ. ಈ ಮನೇಲಿ ಒಂದೋ ಅವಳಿರಬೇಕು, ಇಲ್ಲಾ ನಾನಿರಬೇಕು."

"ಅದು ಅಸಲಿನೇ ಕಣೇ." ಪೇಪರಿನಿಂದ ತಲೆ ಎತ್ತಲಿಲ್ಲ.

"ನೋಡದೇನೇ ಹೇಗೆ ಹೇಳ್ತೀರ?"

"ಹುಡುಗಿ ಒಳ್ಳೇವಳು."

"ಬೆಳ್ಳಗಿರೋದೆಲ್ಲ ಹಾಲಲ್ಲ. ಈಗಲೇ ಅಂಗಡೀಲಿ ತೋರಿಸ್ತೀನಿ, ಪಕ್ಕದಲ್ಲಿ ನನ್ನದನ್ನೂ ಇಟ್ಟು."

ಪೇಪರು ಕೆಳಗಿಳಿಯಿತು. "ನಿನ್ನದು ಯಾಕೆ?"

"ಅಸಲಿ ಹೇಗಿರತ್ತೆ ಅಂತ ಅವರೂ ನೋಡ್ಲಿ."

ಗಂಡ ಪೇಪರು ಮಡಚಿದ. ಮತ್ತೆ ಬಿಡಿಸಿದ. ಸೊಸೆಯ ಪರ ವಕಾಲತ್ತು ವಹಿಸಿ ಸೋತವರ ಮುಖ ಹೀಗೇ ಇರುತ್ತದೆ ಎಂದುಕೊಂಡು ಅವಳು ಚಪ್ಪಲಿ ಮೆಟ್ಟಿದಳು.

ಗಡಿಯಾರದಂಗಡಿಯ ಹೆಂಗಸು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎರಡರ ಬೆನ್ನೂ ಬಿಚ್ಚಿದಳು. ಒಂದೊಂದು ಅಂಗೈಯಲ್ಲಿ ಒಂದೊಂದನ್ನು ಇಟ್ಟು ತೂಗಿದಳು.

"ಈ ಹಳದಿ ಕಂಡು ಗಾಬರಿಯಾದ್ರಾ ಅಮ್ಮ? ಬಿಳಿ ಚಿನ್ನದ ಮೈಬಣ್ಣಾನೇ ಹೀಗೆ. ಇದಕ್ಕೆ ಮೇಲೆ ತೆಳ್ಳಗೆ ಬಿಳಿ ಲೇಪ ಕೊಟ್ಟಿದ್ರು, ದಿನಾ ಕಟ್ಕೊಂಡು ಸವೆದಿದೆ. ಮತ್ತೆ ಹಾಕಿಸಿದ್ರೆ ಆಯ್ತು. ಒಳಗೆ ಮುದ್ರೆನೂ ಇದೆ, ಭಾರಾನೂ ಸರಿಯಾಗಿದೆ. ಅಪ್ಪಟ ಚಿನ್ನ."

ಅತ್ತೆ ತಲೆ ತಗ್ಗಿಸಿದಳು. ಬೆಳಗಿನ ಒದ್ದೆ ಕೂದಲು, ಬಿಳುಚಿದ ಮುಖ ಕಣ್ಣ ಮುಂದೆ ಬಂತು. ಆಮೇಲೆ ಏನೋ ಹೊಳೆದು ತಲೆ ಎತ್ತಿದಳು.

"ಹಾಗಾದ್ರೆ ನನ್ನದು? ಇಷ್ಟು ವರ್ಷವಾದ್ರೂ ಒಂಚೂರೂ..."

ಅಂಗಡಿಯಾಕೆ ಅದನ್ನು ಮೆಲ್ಲಗೆ ಅವಳತ್ತ ಸರಿಸಿದಳು. "ಇದು ಸ್ಟೀಲು ಅಮ್ಮ. ಅದಕ್ಕೇ ಬೆಳ್ಳಗಿದೆ. ಯಾರೋ ತುಂಬಾ ಹುಡುಕಿ, ಅಸಲಿ ಥರಾನೇ ಕಾಣೋದನ್ನ ಆರಿಸಿದಾರೆ."

ಅವಳು ಮನೆ ಮುಟ್ಟುವಾಗ ಸಂಜೆಯಾಗಿತ್ತು. ಗಂಡ ಗೇಟಿನಲ್ಲೇ ನಿಂತಿದ್ದ. ಆಗಷ್ಟೇ ಕೆಲಸದಿಂದ ಬಂದ ಮಗ ಅವರಿಬ್ಬರನ್ನೂ ದಾಟಿ, ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿ ಮೇಲಕ್ಕೆ ಓಡಿದ.

"ಏನಂದ್ರು?" ಗಂಡ ಕೇಳಿದ.

ಅವಳು ಮಗನ ಹೆಜ್ಜೆಯ ಸದ್ದು ನಿಲ್ಲುವವರೆಗೂ ಮೆಟ್ಟಿಲನ್ನೇ ನೋಡಿದಳು.

"ಎರಡೂ ಅಪ್ಪಟ ಚಿನ್ನ ಅಂತೆ ರೀ."