ಏಳನೇ ಪ್ರಶ್ನೆ

ಸಂಜೆ ಶರ್ವಾಣಿ ತಂದುಕೊಟ್ಟ ನೋಟ್‌ಬುಕ್ಕಿನ ಆರು ಪ್ರಶ್ನೆಗಳಿಗೆ ಉತ್ತರ ಬರೆದು ಟಿಕ್ ಹಾಕಿದ ಡಾಕ್ಟರ್ ಅಚ್ಯುತ ಅವರ ಪೆನ್ನು ಏಳನೆಯದರ ಮೇಲೆ ನಿಂತುಬಿಟ್ಟಿತು. 'ಬೆಳಿಗ್ಗೆ ಒಂಬತ್ತೂಕಾಲು. ಇವತ್ತಿನ ರಿಪೋರ್ಟಿನಲ್ಲಿ ನಾಲ್ಕನೇ ಬೆಡ್ಡಿನ ಅಜ್ಜಿಗೆ ರಕ್ತದಲ್ಲಿ ಪೊಟ್ಯಾಸಿಯಂ ಆಗಲೇ ಜಾಸ್ತಿ ಇದೆ. ಡ್ರಿಪ್ಪಿನಲ್ಲಿ ಮತ್ತೆ ಕೊಡುವುದು ಯಾಕೆ?'

ಆ ಡ್ರಿಪ್ ಬರೆದುಕೊಟ್ಟವರು ಅವರೇ, ಹಿಂದಿನ ದಿನದ ರಿಪೋರ್ಟ್ ನೋಡಿಕೊಂಡು. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯವೇ ನಿಲ್ಲುತ್ತದೆ; ಮಧ್ಯಾಹ್ನದ ಹೊತ್ತಿಗೆ ಅಜ್ಜಿಯದು ನಿಂತಿತ್ತು. ವಯಸ್ಸಾಗಿತ್ತು, ಏನೂ ಮಾಡುವ ಹಾಗಿರಲಿಲ್ಲ ಎಂದು ಅವಳ ಮಗಳಿಗೆ ಸಮಾಧಾನ ಹೇಳಿ ಬಂದವರೂ ಅವರೇ.

"ಗೊತ್ತಿದ್ದೂ ಯಾಕಮ್ಮ ಬಾಯಿ ಬಿಡ್ಲಿಲ್ಲ?"

ಎದುರಿಗೆ ನಿಂತಿದ್ದ ಶರ್ವಾಣಿ ನೆಲ ನೋಡಿದಳು. ದಾವಣಗೆರೆಯಲ್ಲಿ ಓದಿ, ಇಂಗ್ಲೆಂಡಿನ ಶೆಫೀಲ್ಡಿನ ಈ ಆಸ್ಪತ್ರೆಗೆ ಜೂನಿಯರ್ ಡಾಕ್ಟರಾಗಿ ಬಂದು ಅವಳಿಗಿನ್ನೂ ಮೂರು ತಿಂಗಳು. "ನೀವೇ ಹೇಳಿದ್ರಲ್ಲ ಸರ್. ಇಲ್ಲಿಯೋರು ರೌಂಡ್ಸ್ ಮಧ್ಯೆ ಬಾಯಿ ಹಾಕ್ತಾರೆ, ನೀನು ನಮ್ಮೋಳು, ಹಾಗೆಲ್ಲ ಮಾಡ್ಬೇಡ. ಏನಿದ್ರೂ ಬರ್ಕೊಂಡು ಸಂಜೆ ತೋರ್ಸು ಅಂತ."

ಹೇಳಿದ್ದರು. ಮೊದಲ ದಿನವೇ, ಕನ್ನಡದಲ್ಲೇ, ಮಗಳಿಗೆ ಹೇಳುವಷ್ಟು ಅಕ್ಕರೆಯಿಂದ. ಇಂಗ್ಲಿಷ್ ಹುಡುಗರು ಎಲ್ಲರೆದುರೇ "ಅದು ಸರಿಯಾ?" ಎಂದಾಗಲೆಲ್ಲ ತಾವು ಚಾರ್ಟನ್ನು ಇನ್ನೊಮ್ಮೆ ನೋಡಿ ತಿದ್ದಿಕೊಂಡದ್ದು ಅವರಿಗೆ ಈಗ ನೆನಪಾಯಿತು.

"ಹಾಗಂತ ಇಂಥದ್ದನ್ನೂ ಹೇಳಬಾರದಾ?" ಅವರ ದನಿ ಏರಿತು. "ಒಂದು ಜೀವ ಹೋಯ್ತಲ್ಲ!"

ಶರ್ವಾಣಿ ತಲೆ ಎತ್ತಿದಳು. "ಬೆಳಿಗ್ಗೆ ರೌಂಡ್ಸಲ್ಲೇ ಹೇಳೋಕೆ ಬಂದೆ ಸರ್. ನೀವು ನಗ್ತಾ ನನ್ನ ನೋಟ್‌ಬುಕ್ ಕಡೆ ಬೆರಳು ತೋರಿಸಿದ್ರಿ."