ಮಿಣುಕುವ ದೀಪದ ತಾಳ

ಮೈಮೇಲಿನ ಕೆಂಪು ಧೂಳಿನಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಹೊಸಪೇಟೆಯ ತನ್ನ ಅಂಗಡಿಯಲ್ಲಿ ಮನೋಹರ್ ಎರಡು ಹಾಡಿನ ಪೆಟ್ಟಿಗೆ ಮಾರಾಟಕ್ಕೆ ಇಟ್ಟಿದ್ದ. ಕ್ಯಾಸೆಟ್ಟೂ ಬೇಡ, ಸೀಡಿಯೂ ಬೇಡ. ಹಾಡು ಇಂಟರ್‌ನೆಟ್ಟಿನಿಂದ ತಾನೇ ಇಳಿದು ಬರುತ್ತದೆ. ಸಂಡೂರಿನ ಗಣಿಯಲ್ಲಿ ಬಂಡೆ ಸಿಡಿಸುವ ಮೂಕಣ್ಣ, ಮಗಳು ಗಂಗಾಳ ಜೊತೆ ಬಂದು, ಎರಡನೆಯದರ ಮುಂದೆ ಕೂತು ಬೆರಳಲ್ಲಿ ತಾಳ ಹಾಕುತ್ತಿದ್ದ.

ಹಾಡು ಅರ್ಧಕ್ಕೇ ನಿಂತಿತು. "ನೆಟ್ ಹೋತ್ರಿ," ಎಂದು ಮನೋಹರ್ ವೈರು ಅಲುಗಾಡಿಸಲು ಒಳಗೆ ಹೋದ. ಪೆಟ್ಟಿಗೆಯ ಹಸಿರು ದೀಪ ಮಾತ್ರ ನೆಟ್ ಹುಡುಕುತ್ತ ಮಿಣುಕುತ್ತಿತ್ತು. ಮೂಕಣ್ಣನ ಬೆರಳು ಆ ದೀಪದ ಜೊತೆಗೇ ಬಡಿಯುತ್ತಿತ್ತು. "ಇದ್ನೇ ತಗಳಾಣ ಗಂಗೂ. ಡೋಲು ಏನ್ ಮಸ್ತ್ ಬರಾಕತ್ತೈತಿ ನೋಡು!"

ಗಂಗಾ ಅವನ ಬೆನ್ನ ಹಿಂದೆ ಹೋಗಿ ಕರೆದಳು. "ಯಪ್ಪಾ." ಇನ್ನೂ ಜೋರಾಗಿ, "ಯಪ್ಪಾ!" ಅಂಗಡಿಯವರೆಲ್ಲ ತಿರುಗಿದರು; ಮೂಕಣ್ಣ ತಿರುಗಲಿಲ್ಲ. ನಾಳೆ ಬೆಳಗ್ಗೆ ಗಣಿಯಲ್ಲಿ, ಸಿಡಿತಕ್ಕೆ ಮುಂಚೆ ಕೂಗುವ ಸೈರನ್ ಕೇಳಿ ಬಂಡೆಯ ಮರೆಗೆ ಓಡಬೇಕಾದವನು ತಲೆದೂಗುತ್ತಲೇ ಇದ್ದ.

"ಯಾವ್ದು ಪ್ಯಾಕ್ ಮಾಡ್ಲಿ ತಂಗೀ?" ಎಂದು ಮನೋಹರ್ ಒಳಗಿಂದ ಬಂದು ಕೇಳಿದ. ಗಂಗಾ ಅಪ್ಪನ ಬೆರಳನ್ನೇ ನೋಡುತ್ತಿದ್ದಳು. ಇಷ್ಟೊತ್ತು ಆರಾಮಾಗಿ ಕೂತು ಕೇಳಿದಿರಲ್ಲ, ಅವಳ ಬದಲು ನೀವೇ ಉತ್ತರ ಹೇಳಿ. ಆದರೆ ಮೂಕಣ್ಣನಿಗೆ ಕೇಳಿಸುವಂತೆ ಹೇಳಬೇಕು.